ದಾಖಲೆಯಲ್ಲಿ ಕಾಣದ ಹೆಸರು

ರಾಜಾಜಿನಗರ, ವಿಜಯನಗರ, ಕೆಂಗೇರಿಯ ಸಭೆಗಳಲ್ಲಿ ಪೂರ್ವಿಕರ ಜಾಡನ್ನು ಅರಸುವವರು ಆಗಾಗ ಪಾಲಕರ ಬಳಿಗೆ ಬರುತ್ತಾರೆ. ಅವರಲ್ಲಿ ಅನೇಕರ ಅಜ್ಜ-ಅಜ್ಜಿಯರು ಕೆಲಸ ಹುಡುಕುತ್ತಾ ಊರೂರು ತಿರುಗಿದವರು. ಆಗ ತೆರೆಯುವುದು ದೀಕ್ಷಾಸ್ನಾನದ ರಿಜಿಸ್ಟರು. ಅದನ್ನು ಓದುವ ನಮ್ಮ ಕ್ರಮವೇ ಸರಿಯಿಲ್ಲವೆಂಬುದು ನಮ್ಮ ಆಕ್ಷೇಪ.

ಖಾನೇಷುಮಾರಿಯಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಎಣಿಕೆ ನಡೆದಿದ್ದರೂ ಅಚ್ಚಿನಲ್ಲಿ ಉಳಿದಿರುವುದು ಅಂಕಿಗಳೇ ಹೊರತು ಮನೆಮಂದಿಯ ಹೆಸರುಗಳಲ್ಲ. ರಿಜಿಸ್ಟರು ಹೆಸರನ್ನು ಕೊಡುತ್ತದೆ, ಆದರೆ ಪ್ರವಾಸಿ ತಂಗಿದ ಒಂದು ದಿನವನ್ನಷ್ಟೇ ಹೇಳುತ್ತದೆ. ನಡೆದು ಬಂದ ದಾರಿಯನ್ನು ಹೇಳುವುದಿಲ್ಲ. ಮತಾಂತರಗೊಂಡವರ ಹಳೆಯ ಹೆಸರಂತೂ ಹೊಸ ಹೆಸರಿನ ಮರೆಗೆ ಸರಿದಿರುತ್ತದೆ. ಕಥೋಲಿಕ ಸಭೆಯಲ್ಲಿ 1908ರಿಂದ ವಿವಾಹವನ್ನೂ ದೀಕ್ಷಾಸ್ನಾನದ ದಾಖಲೆಯಲ್ಲಿ ನಮೂದಿಸುವ ನಿಯಮವಿದೆ. ಆ ಟಿಪ್ಪಣಿಯಲ್ಲಿ ಮುಂದೆ ಹೋದ ಊರು ಸಿಕ್ಕೀತು. ಶೋಧಕರು ಸಾಮಾನ್ಯವಾಗಿ ಅದನ್ನೇ ಬಿಟ್ಟುಬಿಡುತ್ತಾರೆ.

ನಮ್ಮನ್ನು ಹೆಚ್ಚು ಕಾಡುವುದು ಬೇರೆ. ಹೆಸರು ಸಿಕ್ಕದಿದ್ದರೆ 'ನೀವು ಇಲ್ಲಿಯವರಲ್ಲ' ಎಂಬ ಧ್ವನಿ ಕೆಲವು ಪಾಲಕರ ಮಾತಿನಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರ ಬೇಕೆಂದರೆ ಎಜ್ರ 2:62ನ್ನು ತೋರಿಸಬಹುದು: ವಂಶಾವಳಿಯ ದಾಖಲೆಯಲ್ಲಿ ಹೆಸರು ಕಾಣದ ಯಾಜಕರು ಅಲ್ಲಿ ಸೇವೆಯಿಂದ ಹೊರಗುಳಿದರು. ಆದರೆ ಮುಂದಿನ ವಚನವು ಆ ನಿಷೇಧವನ್ನು ಊರೀಮ್ ತುಮ್ಮೀಮ್‌ಗಳುಳ್ಳ ಯಾಜಕನು ಬರುವ ತನಕ ಮಾತ್ರ ಎಂದು ಮಿತಿಗೊಳಿಸುತ್ತದೆ. ನಮ್ಮ ವ್ಯಾಖ್ಯಾನಕಾರರು ಈ ಮಿತಿಯನ್ನು ಗಮನಿಸಿದ್ದು ಕಡಿಮೆ. ಮತ್ತಾಯನ ಪಟ್ಟಿಯಾದರೋ ಮೋವಾಬಿನಿಂದ ನಡೆದು ಬಂದ ರೂತಳನ್ನು ಹೆಸರು ಹಿಡಿದು ಸೇರಿಸಿಕೊಂಡಿತು.

ಆದುದರಿಂದ ಹೆಸರು ಕಾಣದಿದ್ದಾಗ ಪಾಲಕರು ಪುಸ್ತಕವನ್ನು ಮುಚ್ಚುವ ಬದಲು, ಆ ಕುಟುಂಬವು ಹಿಂದೆ ತಂಗಿದ್ದ ಊರಿನ ಸಭೆಗೆ ತಾವೇ ಒಂದು ಪತ್ರ ಬರೆಯಲಿ.