ಬಾಣ ತೋರಿಸುವುದು ದಿಕ್ಕನ್ನು, ದಾರಿಯನ್ನಲ್ಲ

ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರದ ಕಾಲ ಮುಗಿಯಿತು ಎಂದು ಪ್ರವಾಸದ ಬಗ್ಗೆ ಬರೆಯುವವರು ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ. ಫೋನಿನಲ್ಲೇ ಎಲ್ಲ ಇರುವಾಗ ಇನ್ನೊಂದು ಡಬ್ಬಿ ಯಾಕೆ ಎಂಬುದು ಅವರ ಪ್ರಶ್ನೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಯಂತ್ರದ ಪರವಾಗಿ ನಿಲ್ಲುವ ಚಾರಣಿಗರು ಕೊಡುವ ಕಾರಣಗಳನ್ನೂ ಒಪ್ಪಲಾರೆ. ಅದರ ನಿಜವಾದ ಗುಣ ಇಬ್ಬರ ಕಣ್ಣಿಗೂ ಬಿದ್ದಿಲ್ಲ. ಅದು ಕಾಣಬೇಕಾದರೆ ಅರಸೀಕೆರೆ ಸೀಮೆಯಲ್ಲಿ ಒಂದು ದಿನ ನಡೆಯಬೇಕು.

ಹಾರನಹಳ್ಳಿ ಅರಸೀಕೆರೆಗೆ ಹತ್ತಿರದಲ್ಲೇ, ಹಾಸನದ ರಸ್ತೆಯ ಕಡೆಗಿದೆ. ಕೋಡಿಮಠದಿಂದಾಗಿ ಊರಿನ ಹೆಸರು ನಾಡಿಗೆಲ್ಲ ಗೊತ್ತು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು 1230ರ ದಶಕದಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳು ಇಲ್ಲಿ ಕೂಗಳತೆಯಲ್ಲಿ ನಿಂತಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬಸ್ಸುಗಳೆಲ್ಲ ಅತ್ತ ಓಡುತ್ತವೆ. ಹಾರನಹಳ್ಳಿ, ಹುಲ್ಲೇಕೆರೆ, ಜಾವಗಲ್ಲುಗಳಂಥ ಊರುಗಳ ಹೊಯ್ಸಳ ಗುಡಿಗಳನ್ನು ಹುಡುಕಿಕೊಂಡು ಬರುವವರು ಕಡಿಮೆ. ಹಾಗೆ ಹುಡುಕಿಕೊಂಡು ಬರುವವರೇ ಈ ಯಂತ್ರದ ಸರಿಯಾದ ಪರೀಕ್ಷಕರು. ಇನ್ನೊಂದು ಸಂಗತಿಯೂ ಉಂಟು. ಶಿವಮೊಗ್ಗ ತಾಲ್ಲೂಕಿನಲ್ಲಿ ಒಂದು ಹಾರನಹಳ್ಳಿ ಇದೆ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಮತ್ತೊಂದು. ಹೆಸರನ್ನೇ ನಂಬಿ ಹೊರಟವನು ಎಲ್ಲಿ ಬೇಕಾದರೂ ತಲುಪಬಹುದು. ಅಕ್ಷಾಂಶ ರೇಖಾಂಶ ಹಿಡಿದು ಹೊರಟವನಿಗೆ ಆ ಭಯವಿಲ್ಲ.

ಮೊದಲು ಯಂತ್ರದ ಅಭಿಮಾನಿಗಳ ಮಾತು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಇವರು ಎಷ್ಟು ವರ್ಷಗಳಿಂದ ಹೇಳುತ್ತಿದ್ದಾರೋ! ಇದು ಸುಳ್ಳು. ಫೋನಿನೊಳಗೂ ಉಪಗ್ರಹದ ಸಂಕೇತ ಹಿಡಿಯುವ ಚಿಪ್ ಇದೆ, ಅದಕ್ಕೆ ಟವರಿನ ಹಂಗಿಲ್ಲ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳು ತಮ್ಮ ಪಥದ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ ಕಳಿಸುತ್ತವೆ. ನೆಟ್‌ವರ್ಕ್ ಇದ್ದರೆ ಫೋನು ಆ ವಿವರವನ್ನು ಅಲ್ಲಿಂದಲೇ ತರಿಸಿಕೊಂಡು ಬೇಗ ಜಾಗ ಹೇಳುತ್ತದೆ, ಇಲ್ಲದಿದ್ದರೆ ಸ್ವಲ್ಪ ಕಾಯಿಸುತ್ತದೆ. ವ್ಯತ್ಯಾಸ ಇಷ್ಟೇ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಫೋನು ಕಾಡಿನಲ್ಲೂ ನಡೆಯುತ್ತದೆ. ಸುಳ್ಳು ಹೊಗಳಿಕೆಯಿಂದ ಯಂತ್ರಕ್ಕೆ ಆದದ್ದು ನಷ್ಟವೇ, ಏಕೆಂದರೆ ಆ ಸುಳ್ಳು ಬಯಲಾದ ದಿನ ಓದುಗ ಯಂತ್ರವನ್ನೇ ಕೈಬಿಟ್ಟ. ಕಾರಿನಲ್ಲಿ ಹೆದ್ದಾರಿ ಹಿಡಿದು ಹೋಗುವವನಿಗೆ ಫೋನೇ ಮೇಲು, ಇದರಲ್ಲಿ ವಾದವಿಲ್ಲ. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬಾಣಾವರ ದಾಟಿ ಹಳೇಬೀಡಿಗೆ ಹೋಗಲು ಅಂಗೈ ಯಂತ್ರ ಬೇಕಿಲ್ಲ.

ನನ್ನ ಮಾತು ಇರುವುದು ಆ ಯಂತ್ರದ ಒಂದೇ ಒಂದು ಪರದೆಯ ಬಗ್ಗೆ. ಸೇರಬೇಕಾದ ಜಾಗವನ್ನು ಆರಿಸಿ ‘ಗೋ’ ಒತ್ತಿದರೆ ಒಂದು ಬಾಣ, ಒಂದು ದೂರ, ಇಷ್ಟೇ ಮೂಡುತ್ತದೆ. ಹಾರನಹಳ್ಳಿಯಲ್ಲಿ ನಿಂತು ಹಳೇಬೀಡನ್ನು ಆರಿಸಿದರೆ ಬಾಣ ಪಶ್ಚಿಮಕ್ಕೆ, ತುಸುವೇ ದಕ್ಷಿಣಕ್ಕೆ ವಾಲಿ ನಿಲ್ಲುತ್ತದೆ. ದೂರ ಸುಮಾರು 25 ಕಿ.ಮೀ. ಹಕ್ಕಿ ಹಾರುವ ದೂರ ಅದು. ನಡುವೆ ತೆಂಗಿನ ತೋಟಗಳಿವೆ, ತಂತಿಬೇಲಿಗಳಿವೆ, ಕೆರೆಗಳಿವೆ, ರಾಗಿ ಹೊಲಗಳಿವೆ. ಬಾಣಕ್ಕೆ ಇದ್ಯಾವುದೂ ಗೊತ್ತಿಲ್ಲ. ವಿಮರ್ಶಕರೆಲ್ಲ ಬೆರಳಿಟ್ಟು ತೋರಿಸುವ ದೋಷ ಇದೇ: ‘ದಾರಿ ಹೇಳದ ಯಂತ್ರ ಯಾವ ಮಾರ್ಗದರ್ಶಿ?’

ಇದನ್ನೇ ನಾನು ಗುಣ ಎನ್ನುತ್ತೇನೆ. ಬಾಣದ ನಡವಳಿಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕಡಿಮೆ ಬೆಲೆಯ ಯಂತ್ರಗಳಲ್ಲಿ ದಿಕ್ಸೂಚಿ ಇರುವುದಿಲ್ಲ. ನಿಂತಲ್ಲೇ ನಿಂತರೆ ಬಾಣವನ್ನು ನಂಬುವಂತಿಲ್ಲ, ಅದು ಎತ್ತೆತ್ತಲೋ ತಿರುಗುತ್ತದೆ. ಒಂದಿಷ್ಟು ಹೆಜ್ಜೆ ಹಾಕಿದ ಮೇಲೆ, ಈಗಿನ ಜಾಗಕ್ಕೂ ಹಿಂದಿನ ಜಾಗಕ್ಕೂ ಇರುವ ಅಂತರದಿಂದ ನಾವು ಯಾವ ಕಡೆ ನಡೆಯುತ್ತಿದ್ದೇವೆಂದು ತಿಳಿದು ಅದು ನೆಟ್ಟಗಾಗುತ್ತದೆ. ಅಂದರೆ ಮೊದಲ ಹೆಜ್ಜೆಯನ್ನು ನಡೆಯುವವನೇ ನಿರ್ಧರಿಸಬೇಕು. ಮುಂದೆ ಒಂದು ಕೆರೆ ಅಡ್ಡ ಬಂತು ಎನ್ನೋಣ, ಈ ಸೀಮೆಯಲ್ಲಿ ಬಂದೇ ಬರುತ್ತದೆ. ಬಾಣ ನೀರಿನ ಮೇಲೆ ನೇರ ತೋರಿಸುತ್ತದೆ, ನಾವು ಏರಿ ಹಿಡಿಯುತ್ತೇವೆ. ಏರಿಯ ಮೇಲೆ ಹೋಗುತ್ತಿದ್ದಂತೆ ದೂರದ ಅಂಕಿ ಬಹಳ ಹೊತ್ತು ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ, ಬಾಣ ಮಾತ್ರ ನಿಧಾನ ಬಲಕ್ಕೆ ಹೊರಳುತ್ತದೆ. ಗುರಿಯನ್ನು ನಾವು ಸುತ್ತುಹಾಕುತ್ತಿದ್ದೇವೆ ಎಂದು ಇದರ ಅರ್ಥ. ಕೋಡಿ ದಾಟಿ ಬಂಡಿಜಾಡಿಗೆ ಇಳಿದ ಕೂಡಲೇ ಅಂಕಿ ಸರಸರ ಇಳಿಯತೊಡಗುತ್ತದೆ. ಎರಡು ಜಾಡುಗಳು ಕವಲೊಡೆದರೆ ಯಾವುದು ಹತ್ತಿರವೆಂದು ಕೆಲವು ಮಾರು ನಡೆದೇ ಅರಿಯಬಹುದು. ಹೀಗೆ ಬಾಣ ಮತ್ತು ಅಂಕಿ ಎರಡನ್ನೂ ಕೂಡಿಸಿ ಓದುವುದನ್ನು ಕಲಿತವನಿಗೆ ನೆಲದ ಆಕಾರವೇ ಅರಿವಾಗುತ್ತದೆ. ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ’ ಎನ್ನುವ ಫೋನಿನ ದನಿಯನ್ನು ಅನುಸರಿಸಿ ಬಂದವನನ್ನು ಕೇಳಿ ನೋಡಿ: ಕೆರೆ ಎಡಕ್ಕಿತ್ತೋ ಬಲಕ್ಕಿತ್ತೋ ಹೇಳಲಾರ.

ಕೊನೆಯ ಮೂವತ್ತು ಮೀಟರಿನಲ್ಲಿ ಬಾಣ ಮತ್ತೆ ಅಲೆಯುತ್ತದೆ. ಉಳಿದ ದೂರವೂ ಯಂತ್ರದ ತಪ್ಪೂ ಅಲ್ಲಿ ಹತ್ತಿರ ಹತ್ತಿರ ಬಂದಿರುತ್ತವೆ. ಬಯಲಿನಲ್ಲಿ ಈ ತಪ್ಪು ಐದಾರು ಮೀಟರು ಇರಬಹುದು, ಗುಡಿಯ ಕಲ್ಲುಗೋಡೆಗೆ ಸಂಕೇತ ಬಡಿದು ಹಿಂದಿರುಗಿದರೆ ಹೆಚ್ಚುತ್ತದೆ, ನವರಂಗದ ಕಲ್ಲು ಚಾವಣಿಯ ಕೆಳಗೆ ಸಂಕೇತವೇ ಸಿಗುವುದಿಲ್ಲ. 2000ದ ಮೇ ತಿಂಗಳಿಗೆ ಮೊದಲು ಅಮೆರಿಕದ ಸೇನೆ ಬೇಕೆಂದೇ ತಪ್ಪು ಬೆರೆಸುತ್ತಿದ್ದಾಗ ನೂರು ಮೀಟರಿನಷ್ಟು ಆಚೀಚೆಯಾಗುತ್ತಿತ್ತು. ಆಗ ಹಾರನಹಳ್ಳಿಯ ಎರಡು ಗುಡಿಗಳಲ್ಲಿ ಯಾವುದರ ಮುಂದಿದ್ದೇವೆಂದು ಹೇಳುವುದೂ ಕಷ್ಟವಿತ್ತು. ಇವತ್ತು ಗುಡಿಯ ಬಾಗಿಲ ತನಕ ಬಂದು ಬಾಣ ಸೋಲುತ್ತದೆ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ, ಯಂತ್ರವನ್ನು ಜೇಬಿಗೆ ಇಳಿಸುವುದೇ ಸರಿ.

ಗಂಭೀರ ಬಳಕೆದಾರರೂ ಎಡವುವ ಒಂದು ಜಾಗವನ್ನು ಹೇಳಲೇಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳು ಎವರೆಸ್ಟ್ ಹೆಸರಿನ ಭೂ ಆಕಾರವನ್ನು ಆಧರಿಸಿವೆ. ಭೂಮಾಪಕ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಆರಂಭಿಸಿದ ಪರಂಪರೆಯ ಫಲ ಅದು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಲೆಕ್ಕವನ್ನು. ಟೋಪೋಶೀಟಿನಿಂದ ಅಂಕಿ ಎತ್ತಿ ಯಂತ್ರಕ್ಕೆ ಹಾಗೇ ತುಂಬಿದರೆ ಗುರಿ ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ, ಗುಡಿಯ ಬದಲು ಪಕ್ಕದ ತೋಟದಲ್ಲಿ ನಿಲ್ಲುತ್ತೀರಿ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ನಕ್ಷೆಗಳಲ್ಲಿ ಈ ತೊಡಕಿಲ್ಲ. ಅಂಗೈ ಯಂತ್ರದಲ್ಲಿ ಲೆಕ್ಕವನ್ನು ಬದಲಿಸಿಕೊಳ್ಳುವ ಸೌಲಭ್ಯ ಎದುರಿಗೇ ಇದೆ. ಫೋನಿನ ಸಾಮಾನ್ಯ ನಕ್ಷೆಗಳಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ.

ಇನ್ನು ನನಗೆ ಹೆಚ್ಚು ತಕರಾರಿರುವುದು ಮೂರನೆಯ ಗುಂಪಿನೊಂದಿಗೆ. ಫೋನೂ ಬೇಡ, ಯಂತ್ರವೂ ಬೇಡ, ದಾರಿಯನ್ನು ಜನರಲ್ಲಿ ಕೇಳಬೇಕು, ಕೇಳುವುದರಲ್ಲೇ ನಮ್ಮ ಹಳ್ಳಿಯ ಸಂಸ್ಕೃತಿ ಇದೆ ಎನ್ನುವ ಲಲಿತ ಪ್ರಬಂಧಕಾರರು ಇವರು. ಇವರ ಬರಹದಲ್ಲಿ ಅರಳಿಕಟ್ಟೆಯ ಅಜ್ಜ ಯಾವಾಗಲೂ ನಗುತ್ತಾನೆ, ಮಜ್ಜಿಗೆ ಕೊಡುತ್ತಾನೆ, ‘ಸೀದಾ ಹೋಗಿ ಸಾಮಿ, ಏರಿ ಸಿಗ್ತದೆ’ ಎನ್ನುತ್ತಾನೆ. ಅಂಥ ಅಜ್ಜಂದಿರು ನಿಜವಾಗಿಯೂ ಇದ್ದಾರೆ, ಅವರ ಔದಾರ್ಯವನ್ನು ನಾನೂ ಉಂಡಿದ್ದೇನೆ. ಆದರೆ ದಾರಿ ಕೇಳಿದವನಿಗೆ ಉತ್ತರಕ್ಕೆ ಮೊದಲು ಬರುವ ಪ್ರಶ್ನೆಗಳನ್ನು ಈ ಪ್ರಬಂಧಕಾರರು ಏಕೆ ಬರೆಯುವುದಿಲ್ಲ? ‘ಯಾವೂರು? ಯಾರ ಪೈಕಿ? ಯಾವ ಜನ?’ ಈ ಪ್ರಶ್ನೆಗಳಿಗೆ ನಿರಾಳವಾಗಿ ಉತ್ತರ ಕೊಡಬಲ್ಲವರು ಕೇಳುವ ಸಂಸ್ಕೃತಿಯನ್ನು ಹಾಡಿ ಹೊಗಳುವುದು ಸುಲಭ. ಕೊಡಲಾಗದವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಗುಡಿಯ ದಾರಿ ಕೇಳುವುದಕ್ಕೂ ಗುಡಿಯೊಳಗೆ ಕಾಲಿಡುವುದಕ್ಕೂ ಜಾತಿ ಹೇಳಬೇಕಾಗಿ ಬಂದವರ ನೆನಪು ಇನ್ನೂ ಹಸಿಯಾಗಿರುವ ಸಮಾಜದಲ್ಲಿ, ಯಾರನ್ನೂ ಕೇಳದೆ ತಿಳಿಯುವುದು ಒಂದು ಬಿಡುಗಡೆ. ಸ್ಕೂಟರಿನಲ್ಲಿ ಒಬ್ಬಳೇ ಹೊರಟ ಹೆಣ್ಣುಮಗಳು ಮುಸ್ಸಂಜೆಯಲ್ಲಿ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಬೀದಿಯ ಅಪರಿಚಿತರಿಗೆ ಸಾರಬೇಕಾಗಿಲ್ಲ ಎಂಬುದೂ ಸಣ್ಣ ಮಾತಲ್ಲ. ಈ ಪ್ರಬಂಧಗಳ ಪ್ರವಾಸಿ ಯಾವತ್ತೂ ಒಬ್ಬ ಗಂಡಸು, ಯಾವತ್ತೂ ಹಗಲು, ಯಾವತ್ತೂ ಸ್ವಾಗತ. ಇದನ್ನು ಸಂಸ್ಕೃತಿ ಎಂದು ಕರೆಯುವ ಮೊದಲು ಇನ್ನೊಬ್ಬರ ಅನುಭವ ಕೇಳಬೇಕಿತ್ತು.

ಹಾಗೆಂದು ಯಂತ್ರ ಮಾತನ್ನು ಕೊಲ್ಲುತ್ತದೆ ಎಂಬ ಅವರ ಆತಂಕವೂ ಈ ಬಾಣದ ಮಟ್ಟಿಗೆ ಸಲ್ಲದು. ಬಾಣ ದಿಕ್ಕನ್ನು ಮಾತ್ರ ಕೊಡುತ್ತದೆ. ಬೇಲಿ ಎಲ್ಲಿ ದಾಟಬಹುದು, ಈ ಬದುವಿನ ಮೇಲೆ ನಡೆದರೆ ತೋಟದವರು ಬೇಸರಪಡುತ್ತಾರೆಯೇ, ಮಳೆ ಬಿದ್ದ ಮೇಲೆ ಆ ಓಣಿ ತೆರೆದಿದೆಯೇ, ಇವನ್ನೆಲ್ಲ ಮನುಷ್ಯರನ್ನೇ ಕೇಳಬೇಕು. ಆದರೆ ಈಗ ಯಾರನ್ನು, ಯಾವಾಗ, ಏನನ್ನು ಕೇಳಬೇಕೆಂದು ಆರಿಸುವವರು ನಾವು. ಕಾಯಿ ಸುಲಿಯುತ್ತಿರುವ ಹೆಂಗಸರನ್ನು ‘ಅಕ್ಕ, ಈ ಜಾಡು ಕೋಡಿಗೆ ಸೇರ್ತದಾ?’ ಎಂದು ಕೇಳುವವಳು ದಿಕ್ಕು ಗೊತ್ತಿದ್ದೇ ಕೇಳುತ್ತಾಳೆ. ತಪ್ಪು ಉತ್ತರ ಬಂದರೆ ಹತ್ತು ಹೆಜ್ಜೆಯಲ್ಲಿ ಅವಳಿಗೆ ತಿಳಿಯುತ್ತದೆ.

ಯಂತ್ರದ ಕೊರತೆಗಳು ಇಲ್ಲದಿಲ್ಲ. ಪರದೆ ಚಿಕ್ಕದು, ಗುಂಡಿಗಳಲ್ಲಿ ಊರಿನ ಹೆಸರು ಬರೆಯುವುದು ತಾಳ್ಮೆಯ ಕೆಲಸ, ಬೆಲೆ ಹೆಚ್ಚು. ಎರಡು ಎಎ ಸೆಲ್ಲಿನಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚು ನಡೆಯುತ್ತದೆ, ಸೆಲ್ಲು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ಎದುರು ತಕ್ಕಡಿಗೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಗಳನ್ನು ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಕೊಳ್ಳುವವರು ಎಚ್ಚರದಿಂದಿರಬೇಕು. ನನಗೆ ನಿಜಕ್ಕೂ ನೋವು ತರುವ ಕೊರತೆ ಬೇರೆ: ನನ್ನ ಕೈಗೆ ಬಂದ ಯಾವ ಯಂತ್ರದಲ್ಲೂ ಕನ್ನಡ ಅಕ್ಷರ ಮೂಡಲಿಲ್ಲ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಇದೇ ಹಾಸನದಲ್ಲಿ. ನಾವಿಕ್ ಎಂಬ ನಮ್ಮದೇ ಉಪಗ್ರಹ ಸಮೂಹದ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಆಕಾಶದ ಕೆಲಸವನ್ನು ಇಲ್ಲಿಂದ ಮಾಡಬಲ್ಲವರಿಗೆ ಅಂಗೈ ಮೇಲೆ ‘ಹಾರನಹಳ್ಳಿ’ ಎಂದು ಮೂಡಿಸುವುದು ಅಸಾಧ್ಯವಲ್ಲ.

ಅದಕ್ಕೆ ಮೊದಲು ಪುರಾತತ್ವದ ಇಲಾಖೆಗಳು ಒಂದು ಕೆಲಸ ಮಾಡಬಹುದು. ರಕ್ಷಿತ ಸ್ಮಾರಕಗಳ ಮುಂದಿನ ಫಲಕಗಳಲ್ಲಿ ಗುಡಿಯ ಬಾಗಿಲಿನ ಅಕ್ಷಾಂಶ ರೇಖಾಂಶವನ್ನು, ಡಬ್ಲ್ಯೂಜಿಎಸ್ 84 ಎಂದು ನಮೂದಿಸಿ, ಕನ್ನಡ ಅಂಕಿಗಳಲ್ಲೂ ಬರೆಸಲಿ. ಅದೇ ಪಟ್ಟಿಯನ್ನು ತಾಲ್ಲೂಕುವಾರು ಅಚ್ಚು ಹಾಕಿಸಿ ಗ್ರಂಥಾಲಯಗಳಲ್ಲಿ ಇಡಲಿ. ಬೇಲೂರು ಹಳೇಬೀಡಿಗೆ ಬಂದವರಲ್ಲಿ ನಡೆಯುವ ಮನಸ್ಸಿರುವವರು ಹುಲ್ಲೇಕೆರೆಗೂ ಹಾರನಹಳ್ಳಿಗೂ ಬರಲು ಅಷ್ಟು ಸಾಕು.