ಇಪ್ಪತ್ತೈದು ಸುತ್ತುಗಳ ರುಚಿ

2025ರ ಮಾರ್ಚ್ 29ರ ರಾತ್ರಿ ಕ್ಯಾಲಿಫೋರ್ನಿಯಾದ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ಎಂಬ ಊರಿನಲ್ಲಿ ನಮ್ಮ ಗುಲ್ವೀರ್ ಸಿಂಗ್ 10,000 ಮೀಟರ್ ಓಡಿ ಆರನೆಯವರಾಗಿ ಗುರಿ ಮುಟ್ಟಿದರು. ಸಮಯ 27 ನಿಮಿಷ 0.22 ಸೆಕೆಂಡ್. ಭಾರತದ ಯಾವ ಓಟಗಾರನೂ ಅಲ್ಲಿಯವರೆಗೆ ಅಷ್ಟು ಬೇಗ ಈ ದೂರವನ್ನು ಮುಗಿಸಿರಲಿಲ್ಲ. ಎರಡು ತಿಂಗಳು ಕಳೆದು, ಮೇ ಕೊನೆಯ ವಾರ, ದಕ್ಷಿಣ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು. ಅದೇ ದೂರ, ಅದೇ ಓಟಗಾರ. ಈ ಸಲ 28 ನಿಮಿಷ 38.63 ಸೆಕೆಂಡ್. ಒಂದೂವರೆ ನಿಮಿಷಕ್ಕೂ ಹೆಚ್ಚು ನಿಧಾನ, ಆದರೆ ಕೊರಳಿಗೆ ಚಿನ್ನದ ಪದಕ.

ಆರನೇ ಸ್ಥಾನಕ್ಕೆ ದಾಖಲೆ, ನಿಧಾನದ ಓಟಕ್ಕೆ ಚಿನ್ನ. ಇದು ಹೇಗೆ ಸಾಧ್ಯ ಎಂದು ತಲೆ ಕೆರೆದುಕೊಳ್ಳುವವರಿಗಾಗಿಯೇ ಈ ಬರಹ. ಇದರ ಉತ್ತರ ಮನಸ್ಸಿಗೆ ಹತ್ತಿದವರು ದೂರದ ಓಟದ ರಸಿಕರಾದಂತೆಯೇ ಲೆಕ್ಕ. ಅದನ್ನು ಕಲಿಯಲು ಒಲಿಂಪಿಕ್ಸ್‌ಗಿಂತ ಒಳ್ಳೆಯ ಪಾಠಶಾಲೆ ಮಾರ್ಚ್, ಏಪ್ರಿಲ್ ತಿಂಗಳ ಕೂಟಗಳು, ಅಂದರೆ ಹೊರಾಂಗಣ ಟ್ರ್ಯಾಕ್ ಋತುವಿನ ಆರಂಭ. ಆಗ ಓಟಗಾರರು ಪದಕಕ್ಕಾಗಿ ಓಡುವುದಿಲ್ಲ, ಗಡಿಯಾರದ ಜೊತೆ ಓಡುತ್ತಾರೆ. ಎಲ್ಲವೂ ಬಯಲಿನಲ್ಲಿ ನಡೆಯುವುದರಿಂದ ಹೊಸಬರ ಕಣ್ಣಿಗೂ ಕಾಣುತ್ತದೆ.

ಮೊದಲು ಲೆಕ್ಕ ತಿಳಿಯಿರಿ. ಟ್ರ್ಯಾಕಿನ ಒಂದು ಸುತ್ತು 400 ಮೀಟರ್. 10,000 ಮೀಟರಿಗೆ ಇಪ್ಪತ್ತೈದು ಸುತ್ತು, 5,000ಕ್ಕೆ ಹನ್ನೆರಡೂವರೆ. 27 ನಿಮಿಷದಲ್ಲಿ ಇಪ್ಪತ್ತೈದು ಸುತ್ತು ಮುಗಿಯಬೇಕಾದರೆ ಪ್ರತಿ ಸುತ್ತಿಗೆ 64.8 ಸೆಕೆಂಡ್ ಸಿಗುತ್ತದೆ. ಬೇರೆ ರೀತಿ ಹೇಳುವುದಾದರೆ ನೂರು ಮೀಟರನ್ನು 16.2 ಸೆಕೆಂಡಿನಲ್ಲಿ ಓಡಬೇಕು, ಅದೂ ಬಿಡುವಿಲ್ಲದೆ ನೂರು ಸಲ. ನಿಮ್ಮ ಹತ್ತಿರದ ಮೈದಾನಕ್ಕೆ ಹೋಗಿ ಒಂದೇ ಒಂದು ಸಲ 16.2 ಸೆಕೆಂಡಿನ ನೂರು ಮೀಟರ್ ಓಡಿ ನೋಡಿ. ಟಿವಿಯಲ್ಲಿ ಆರಾಮವಾಗಿ ತೇಲಿ ಹೋಗುವಂತೆ ಕಾಣುವ ಆ ಗುಂಪು ಎಷ್ಟು ವೇಗದಲ್ಲಿದೆ ಎಂದು ಕಾಲಿಗೇ ತಿಳಿಯುತ್ತದೆ.

ಆಮೇಲೆ ಕೈಯಲ್ಲಿ ಒಂದು ಸ್ಟಾಪ್‌ವಾಚ್ ಇರಲಿ. ಮೊಬೈಲಿನದ್ದೂ ಸಾಕು. ನಿಮಗೆ ಬೇಕಾದ ಒಬ್ಬ ಓಟಗಾರನನ್ನು ಆರಿಸಿಕೊಂಡು, ಅವನು ಗುರಿ ಗೆರೆ ದಾಟಿದಾಗಲೆಲ್ಲ ಲ್ಯಾಪ್ ಗುಂಡಿ ಒತ್ತಿ. ಕಛೇರಿಯಲ್ಲಿ ಕೂತ ರಸಿಕ ತೊಡೆಯ ಮೇಲೆ ತಾಳ ಹಾಕುತ್ತಾ ಹಾಡಿನ ಒಳಗೆ ಹೋಗುವ ಹಾಗೆ, ಸುತ್ತಿನ ಲೆಕ್ಕ ಹಿಡಿದವರು ಓಟದ ಒಳಗೆ ಹೋಗುತ್ತಾರೆ. 65, 65, 64, 65 ಎಂದು ಬರುತ್ತಿದ್ದುದು ಇದ್ದಕ್ಕಿದ್ದಂತೆ 67 ಆದರೆ ಏನೋ ಆಗಿದೆ ಎಂದರ್ಥ. ಕಣ್ಣಿಗೆ ಇನ್ನೂ ಏನೂ ಕಂಡಿರುವುದಿಲ್ಲ, ಗಡಿಯಾರಕ್ಕೆ ಮೊದಲು ಗೊತ್ತಾಗಿರುತ್ತದೆ.

ಋತುವಿನ ಆರಂಭದ ಕೂಟಗಳಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿ ಪೇಸರ್‌ಗಳಿರುತ್ತಾರೆ. ಗುಂಪಿನ ಮುಂದೆ, ಮೊದಲೇ ಒಪ್ಪಿಕೊಂಡ ವೇಗದಲ್ಲಿ, ಅರ್ಧ ದೂರದ ಆಸುಪಾಸಿನವರೆಗೆ ಓಡಿ ಪಕ್ಕಕ್ಕೆ ಸರಿಯುವವರು ಇವರು. ಇದು ಮೋಸವಲ್ಲವೇ ಎಂದು ಹೊಸಬರು ಕೇಳುತ್ತಾರೆ. ಅಲ್ಲ. ಎದುರುಗಾಳಿಯನ್ನು ಬೇರೆಯವನ ಬೆನ್ನು ತಡೆಯುತ್ತದೆ; ಅದಕ್ಕಿಂತ ಮುಖ್ಯವಾಗಿ, ವೇಗ ಎಷ್ಟಿರಬೇಕು ಎಂದು ಪ್ರತಿ ಕ್ಷಣ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ. ಹಿಂದೆ ಓಡುವವನು ಮನಸ್ಸಿಗೆ ವಿಶ್ರಾಂತಿ ಕೊಟ್ಟು ಬರೀ ಕಾಲು ಓಡಿಸಬಹುದು. ಈಚಿನ ವರ್ಷಗಳಲ್ಲಿ ದೊಡ್ಡ ಕೂಟಗಳಲ್ಲಿ ಟ್ರ್ಯಾಕಿನ ಒಳಅಂಚಿನುದ್ದಕ್ಕೂ ನಿಗದಿತ ವೇಗದಲ್ಲಿ ಓಡುವ ದೀಪಗಳೂ ಬಂದಿವೆ. ಉಗಾಂಡದ ಜೋಶುವಾ ಚೆಪ್ಟೆಗೈ 2020ರ ಅಕ್ಟೋಬರ್‌ನಲ್ಲಿ ವೆಲೆನ್ಸಿಯಾದಲ್ಲಿ 26 ನಿಮಿಷ 11 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದು ಅಂಥ ದೀಪಗಳ ಜೊತೆಯಲ್ಲೇ.

ಪೇಸರ್ ಸರಿದ ಮೇಲೆ ಕಣ್ಣು ಮಿಟುಕಿಸಬೇಡಿ. ನನ್ನ ಮಟ್ಟಿಗೆ ಹತ್ತು ಸಾವಿರದ ನಿಜವಾದ ಓಟ ಇರುವುದು ಹದಿನಾರನೇ ಸುತ್ತಿನಿಂದ ಇಪ್ಪತ್ತನೆಯದರವರೆಗೆ. ಟಿವಿಯವರು ಜಾಹೀರಾತು ಹಾಕುವುದೂ, ಗ್ಯಾಲರಿಯವರು ಚಹಾಕ್ಕೆ ಏಳುವುದೂ ಇದೇ ಹೊತ್ತಿಗೆ. ಆರಂಭದ ಹುಮ್ಮಸ್ಸು ಮುಗಿದಿದೆ, ಕೊನೆಯ ಸುತ್ತಿನ ಗಂಟೆ ಇನ್ನೂ ದೂರವಿದೆ, ಮುಂದೆ ಎಳೆಯುವವನು ಇಲ್ಲ. ಯಾರು ಮುಂದಾಳಾಗಬೇಕು ಎಂಬ ಮೂಕ ಜಗಳ ಶುರುವಾಗುತ್ತದೆ. ಒಬ್ಬ ಮುಂದೆ ಬಂದು ಎರಡು ಸುತ್ತು ಎಳೆದು ಬದಿಗೆ ಸರಿದು, ನೀನು ಬಾ ಎಂಬಂತೆ ನೋಡುತ್ತಾನೆ. ಹಿಂದಿನವನು ನೋಡದವನಂತೆ ಇರುತ್ತಾನೆ. ಆಗ ಒಬ್ಬೊಬ್ಬರ ಮೈಯನ್ನೂ ಗಮನಿಸಿ. ಭುಜ ಕಿವಿಯ ಕಡೆಗೆ ಏರುತ್ತಿದೆಯೇ? ಎದೆಯ ಪಕ್ಕದಲ್ಲಿ ಆಡಬೇಕಾದ ಕೈ ಎದೆಯನ್ನು ದಾಟಿ ಅಡ್ಡ ಬರುತ್ತಿದೆಯೇ? ಕತ್ತು ಹಿಂದಕ್ಕೆ ವಾಲುತ್ತಿದೆಯೇ? ಎಲ್ಲಕ್ಕಿಂತ ಮೊದಲು, ಮುಂದಿನವನ ಬೆನ್ನಿಗೂ ಇವನಿಗೂ ನಡುವಿನ ಅಂತರ ನೋಡಿ. ಒಂದು ಮೀಟರ್ ಇದ್ದದ್ದು ಎರಡಾಗುತ್ತದೆ. ತಿರುವಿನಲ್ಲಿ ಮತ್ತೆ ಮುಚ್ಚುತ್ತಾನೆ. ಮುಂದಿನ ಸುತ್ತಿನಲ್ಲಿ ಮೂರಾಗುತ್ತದೆ, ಈ ಸಲ ಮುಚ್ಚುವುದಿಲ್ಲ. ಐದು ಮೀಟರ್ ಆಯಿತೆಂದರೆ ದಾರ ಹರಿದ ಹಾಗೆಯೇ. ಅಲ್ಲಿಂದ ಮುಂದೆ ಅವನು ಒಬ್ಬಂಟಿ. ಆ ಎರಡು ಮೀಟರಿನಿಂದ ಮೂರು ಮೀಟರಿಗೆ ಹೋಗುವ ಗಳಿಗೆಯನ್ನು ಹಿಡಿದವರಿಗೆ, ಮತ್ತು ಅದನ್ನು ಕಷ್ಟಪಟ್ಟು ಮುಚ್ಚಿ ಉಳಿದವನನ್ನು ಗುರುತಿಸಿದವರಿಗೆ, ಕೊನೆಯ ಸುತ್ತಿನ ಸ್ಪ್ರಿಂಟ್‌ಗಿಂತ ದೊಡ್ಡ ಸಂತೋಷ ಸಿಗುತ್ತದೆ.

ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊದ ಆ ರಾತ್ರಿ ಗೆದ್ದವರು ಕೆನ್ಯಾದ ಇಷ್ಮಾಯೆಲ್ ಕಿಪ್‌ಕುರುಯಿ, 26:50.21. ಗುಲ್ವೀರ್ ಬಂದದ್ದು ಅವರಿಗಿಂತ ಹತ್ತು ಸೆಕೆಂಡ್ ಹಿಂದೆ. ಅಂಥವರ ನಡುವೆ ಸಿಕ್ಕಿದ್ದರಿಂದಲೇ ಆ ಸಮಯ ಬಂತು. ಅದೇ ವರ್ಷದ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ನೇರ ಅರ್ಹತೆಯ ಗಡಿ 27:00.00 ಇತ್ತು. ಇಪ್ಪತ್ತೈದು ಸುತ್ತು ಓಡಿ ಗುಲ್ವೀರ್ ಅದನ್ನು ತಪ್ಪಿಸಿಕೊಂಡದ್ದು 0.22 ಸೆಕೆಂಡಿನಿಂದ. ಆ ವೇಗದಲ್ಲಿ ಅದು ನೆಲದ ಮೇಲೆ ಒಂದೂವರೆ ಮೀಟರಿಗಿಂತ ಕಡಿಮೆ. ಹದಿನೆಂಟನೇ ಸುತ್ತಿನಲ್ಲಿ ಬಿಟ್ಟ ಒಂದು ಮೀಟರ್ ಎಲ್ಲಿ ಹೋಗಿ ತಗಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕ್ಯಾಲಿಫೋರ್ನಿಯಾದ ಈ ಓಟಗಳು ನಡೆಯುವುದು ರಾತ್ರಿ, ಕರಾವಳಿಯ ತಂಪಿನಲ್ಲಿ. ಅದಕ್ಕೂ ಕಾರಣವಿದೆ. ಅರ್ಧ ಗಂಟೆ ಇಷ್ಟು ವೇಗದಲ್ಲಿ ಓಡುವ ದೇಹ ಒಲೆಯಂತೆ ಕಾಯುತ್ತದೆ, ಆ ಶಾಖ ಹೊರಗೆ ಹೋಗದಿದ್ದರೆ ದೇಹವೇ ವೇಗ ತಗ್ಗಿಸಿಕೊಳ್ಳುತ್ತದೆ. ಟೋಕಿಯೊ ಒಲಿಂಪಿಕ್ಸ್‌ನ ಸೆಕೆಯಲ್ಲಿ ಇಥಿಯೋಪಿಯಾದ ಸೆಲೆಮನ್ ಬರೇಗಾ ಚಿನ್ನ ಗೆದ್ದದ್ದು 27:43.22ರಲ್ಲಿ. ಕಾಗದದ ಮೇಲೆ ಗುಲ್ವೀರ್ ಅವರ ಸಮಯ ಅದಕ್ಕಿಂತ 43 ಸೆಕೆಂಡ್ ಉತ್ತಮ. ಹಾಗಂತ ಗುಲ್ವೀರ್ ಅಲ್ಲಿದ್ದರೆ ಗೆಲ್ಲುತ್ತಿದ್ದರು ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು. ಅಲ್ಲಿ ಬೆಳ್ಳಿ ಗೆದ್ದ ಚೆಪ್ಟೆಗೈ, ಕಂಚು ಗೆದ್ದ ಜೇಕಬ್ ಕಿಪ್ಲಿಮೊ, ಬರೇಗಾ ಮೂವರೂ ಒಂದೇ ಸೆಕೆಂಡಿನೊಳಗೆ ಬಂದರು. ಪೇಸರ್ ಇಲ್ಲದ ಓಟದಲ್ಲಿ ಎಲ್ಲರೂ ಬಲ ಉಳಿಸಿಕೊಂಡು ಕೊನೆಯ ಗಂಟೆಗಾಗಿ ಕಾದಿರುತ್ತಾರೆ. ಗುಮಿಯ 28:38 ಕೂಡ ಅದೇ ಜಾತಿಯದು. ನಿಧಾನ ಓಟ ಎಂದರೆ ಸುಲಭದ ಓಟ ಅಲ್ಲ.

ಇಂಥ ಓಟದಲ್ಲಿ ನೋಡಬೇಕಾದದ್ದು ಗಡಿಯಾರವಲ್ಲ, ಜಾಗ. ಎರಡನೇ ಲೇನ್‌ನಲ್ಲಿ ಓಡುವವನು ಒಂದು ಸುತ್ತಿಗೆ ಸುಮಾರು ಏಳು ಮೀಟರ್ ಹೆಚ್ಚು ಓಡುತ್ತಾನೆ. ಒಳಗಿನ ಅಂಚು ಹಿಡಿದವನಿಗೆ ದೂರ ಉಳಿಯುತ್ತದೆ, ಆದರೆ ಮುಂದೆ ಒಬ್ಬ, ಪಕ್ಕದಲ್ಲಿ ಒಬ್ಬ ಬಂದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಯಾರೋ ಮುನ್ನುಗ್ಗಿದಾಗ ಹೊರಬರಲು ದಾರಿ ಇರುವುದಿಲ್ಲ. ಹಾಗಾಗಿ ಅನುಭವಸ್ಥರು ಕೊನೆಯ ಎರಡು ಸುತ್ತಿಗೆ ಮೊದಲೇ, ಏಳು ಮೀಟರಿನ ನಷ್ಟ ಒಪ್ಪಿಕೊಂಡು, ಹೊರಗಿನ ಭುಜದ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಹಿಳೆಯರ 5,000 ಮೀಟರ್ ನೋಡಿದವರಿಗೆ ಪಾರುಲ್ ಚೌಧರಿ ನೆನಪಿರಬೇಕು. ಜಪಾನಿನ ರಿರಿಕಾ ಹಿರೊನಾಕಾ ಗೆದ್ದೇ ಬಿಟ್ಟರು ಎನ್ನುವ ಹೊತ್ತಿಗೆ ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಪಾರುಲ್ ದಾಟಿ ಚಿನ್ನ ಕಿತ್ತುಕೊಂಡರು, 15:14.75. ಅದೇ ವರ್ಷ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನ ಒಂದು ಕೂಟದಲ್ಲಿ ಗಡಿಯಾರದ ಜೊತೆ ಓಡಿ ಅವರು 15:10.35ರ ರಾಷ್ಟ್ರೀಯ ದಾಖಲೆ ಮಾಡಿದ್ದರು. ಹಾಂಗ್‌ಝೌನ ಕೊನೆಯ ನೇರ ಹಾದಿಯಲ್ಲಿ ಕಾಲಲ್ಲಿ ಉಳಿದಿದ್ದ ಬಲಕ್ಕೆ ಆ ಮೇ ತಿಂಗಳಿನ ಓಟವೂ ಒಂದು ಬುನಾದಿ.

ಬುನಾದಿ ಇನ್ನೂ ಹಿಂದಿನದು. ಮಾರ್ಚ್‌ನ ಒಂದು ಓಟದ ಹಿಂದೆ ಚಳಿಗಾಲದ ತಿಂಗಳುಗಳಿವೆ, ವಾರಕ್ಕೆ 160 ಕಿಲೋಮೀಟರ್ ಮೀರುವ ಓಟ, ಹೆಚ್ಚಿನದು ನಿಧಾನದ್ದೇ. ಗುಲ್ವೀರ್ ಮತ್ತು ಅಡೆತಡೆ ಹಾರಿ ಓಡುವ ಸ್ಟೀಪಲ್‌ಚೇಸ್‌ನ ಅವಿನಾಶ್ ಸಾಬ್ಳೆ ಇಬ್ಬರೂ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ, 1,800 ಮೀಟರಿಗೂ ಎತ್ತರದಲ್ಲಿ, ಕೋಚ್ ಸ್ಕಾಟ್ ಸಿಮನ್ಸ್ ಬಳಿ ತರಬೇತಿ ಪಡೆದವರು. ನಮ್ಮ ಓಟಗಾರರು ಊಟಿಗೆ ಹೋಗುವುದೂ ಇದೇ ಕಾರಣಕ್ಕೆ. ಎತ್ತರದ ತೆಳು ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಕಣಗಳು ಹೆಚ್ಚುತ್ತವೆ. ಸಮುದ್ರಮಟ್ಟಕ್ಕೆ ಇಳಿದಾಗ ಅದರ ಫಲ ಸಿಗುತ್ತದೆ. ಋತು ಹತ್ತಿರವಾದಂತೆ ಟ್ರ್ಯಾಕಿನ ಕೆಲಸ ಶುರು. ಸಾವಿರ ಮೀಟರಿನ ಓಟ, ನಡುವೆ ಸಣ್ಣ ಜಾಗ್, ಮತ್ತೆ ಸಾವಿರ, ಹೀಗೆ ಎಂಟು ಹತ್ತು ಸಲ. ಮೊದಲ ಕೂಟಕ್ಕೆ ಬರುವಾಗ ಓಟಗಾರನಿಗೆ ಉಸಿರಿನ ಶಕ್ತಿ ಸಿದ್ಧವಾಗಿರುತ್ತದೆ, ಕೊನೆಯ ಸುತ್ತಿನ ಚುರುಕು ಇನ್ನೂ ಬಂದಿರುವುದಿಲ್ಲ. ಏಪ್ರಿಲ್‌ನಲ್ಲಿ ಕೊನೆಯ 200 ಮೀಟರಿನಲ್ಲಿ ಸೋತವನನ್ನು ಲೆಕ್ಕದಿಂದ ಕೈಬಿಡಬೇಡಿ.

ಸಾಬ್ಳೆ ಓಡುವ ಸ್ಟೀಪಲ್‌ಚೇಸ್ ಬಗ್ಗೆ ಒಂದೇ ಮಾತು: 28 ಅಡೆತಡೆ, ಏಳು ನೀರಿನ ಜಿಗಿತ. ಮೊದಲ ಸುತ್ತಿನಲ್ಲಿ ಎಲ್ಲರೂ ಚೆನ್ನಾಗಿಯೇ ಹಾರುತ್ತಾರೆ, ಕೊನೆಯ ಎರಡು ನೀರಿನ ಜಿಗಿತಗಳನ್ನು ಮಾತ್ರ ನೋಡಿದರೂ ಸಾಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಸಾಬ್ಳೆ ಚಿನ್ನ ಕಳೆದುಕೊಂಡದ್ದು 0.05 ಸೆಕೆಂಡಿನಿಂದ.

ಕ್ಯಾಲಿಫೋರ್ನಿಯಾದ ರಾತ್ರಿ ನಮಗೆ ಬೆಳಗಿನ ಹೊತ್ತು. ಮನೆಯಲ್ಲೇ ಕೂತು ನೋಡಬಹುದು. ಆದರೆ ಪರದೆಯಲ್ಲಿ ಕ್ಯಾಮೆರಾ ಮುಂದಿನ ಮೂವರನ್ನು ಬಿಟ್ಟು ಹಿಂದೆ ತಿರುಗುವುದಿಲ್ಲ. ಹನ್ನೊಂದನೇ ಸ್ಥಾನದವನು ಅಂತರ ಮುಚ್ಚಿದ್ದು ನಿಮಗೆ ಕಾಣಬೇಕಾದರೆ ಮೈದಾನಕ್ಕೇ ಹೋಗಬೇಕು. ಬೆಂಗಳೂರಿನ ಕಂಠೀರವ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಂಥ ಕಡೆ ರಾಜ್ಯಮಟ್ಟದ, ವಿಶ್ವವಿದ್ಯಾಲಯ ಮಟ್ಟದ ಕೂಟಗಳು ನಡೆಯುತ್ತವೆ. ಬಿಸಿಲಿಗೆ ಅಂಜಿ 10,000 ಮೀಟರನ್ನು ಹೆಚ್ಚಾಗಿ ಬೆಳಗ್ಗೆ ಬೇಗ ಅಥವಾ ಸಂಜೆ ತಡವಾಗಿ ಇಡುತ್ತಾರೆ, ಗ್ಯಾಲರಿ ಖಾಲಿಯಿರುವ ಹೊತ್ತಿಗೆ. ಮುಂದಿನ ಸಲ ವೇಳಾಪಟ್ಟಿ ನೋಡಿಕೊಂಡು ಆ ಹೊತ್ತಿಗೇ ಹೋಗಿ. ಗುರಿ ಗೆರೆಯ ಹತ್ತಿರ ಕೂರಬೇಡಿ, ಎದುರು ಬದಿಯ ತಿರುವಿನ ಬಳಿ ಕೂರಿ. ಹದಿನಾರನೇ ಸುತ್ತು ಬಂದಾಗ ಫೋನು ಜೇಬಿನಲ್ಲಿರಲಿ, ಸ್ಟಾಪ್‌ವಾಚ್ ಒತ್ತಲು ಮಾತ್ರ ಹೊರಗೆ ತೆಗೆಯಿರಿ.