ಮಾರಿ ನೋಡಬೇಡಿ, ದಪ್ಪು ಕೇಳಿ

ಜಾತ್ರೆಯ ಕಟ್ಟೆಯ ಮೇಲೆ ಗೀಗೀ ಪದದ ಹರದೇಶಿ–ನಾಗೇಶಿ ಮೇಳಗಳು ಎದುರುಬದುರಾದರೆ ಹೊಸಬರ ಕಣ್ಣೆಲ್ಲ ಒಂದೇ ಕಡೆ: ಯಾರು ಯಾರನ್ನು ಗುರಾಯಿಸಿದರು, ಯಾವ ಸವಾಲಿಗೆ ಯಾರ ಮಾರಿ ಕೆಂಪಾಯಿತು. ಮಾತು ಬಿಟ್ಟಿದ್ದ ಜೋಡಿ ಮತ್ತೆ ಒಂದೇ ಕಟ್ಟೆ ಏರಿದೆ ಎಂಬ ಸುದ್ದಿ ಹಬ್ಬಿದರಂತೂ ಮುಗಿಯಿತು; ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಆಗಲಿ, ಮೊಬೈಲುಗಳು ಜಗಳಕ್ಕೇ ಬಾಯಿ ತೆರೆದು ಕಾದಿರುತ್ತವೆ. ಒಂದು ಚುಚ್ಚುಮಾತಿಗೆ ಸಿಳ್ಳೆ, ಒಂದು ಹತ್ತರ ನೋಟು, ಆಮೇಲೆ ಎದ್ದು ಮಿರ್ಚಿ ಅಂಗಡಿಗೆ. ಇವರಿಗೆ ಜಗಳವೂ ಸರಿಯಾಗಿ ದಕ್ಕಲಿಲ್ಲ ಎಂಬುದೇ ನನ್ನ ತಕರಾರು. ಕಟ್ಟೆಯ ಮೇಲಿನ ನಿಜವಾದ ಬಿಗುವು ಮಾತಿನಲ್ಲಿ ಅರ್ಧವೂ ಇಲ್ಲ. ಅದು ಇರುವುದು ಲಯದಲ್ಲಿ, ಅಂದರೆ ದಪ್ಪಿನಲ್ಲಿ.

ಹರದೇಶಿಯವರು ಪುರುಷ ಹೆಚ್ಚು ಅನ್ನುತ್ತಾರೆ, ನಾಗೇಶಿಯವರು ಶಕ್ತಿ ಹೆಚ್ಚು ಅನ್ನುತ್ತಾರೆ. ಹುಲಿಗಿಯಲ್ಲಿ ಹುಲಿಗೆಮ್ಮ, ಕುಕನೂರಿನಲ್ಲಿ ಮಹಾಮಾಯೆ, ಇಟಗಿಯಲ್ಲಿ ಮಹಾದೇವ ಇರುವ ಸೀಮೆಯಲ್ಲಿ ಈ ವಾದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಿಡಿಸಿ ಹೇಳಬೇಕಾದ್ದು ದಪ್ಪಿನ ಸಂಗತಿ. ಗೀಗೀ ಮೇಳದಲ್ಲಿ ಸಾಮಾನ್ಯವಾಗಿ ಮುಂದಾಳು ಹಾಡುಗಾರರ ಕೈಯಲ್ಲೇ ದಪ್ಪು ಇರುತ್ತದೆ. ತುಂತುಣಿ, ತಾಳ ಹಿಮ್ಮೇಳದವರ ಪಾಲು. ಹಾಗಾಗಿ ನುಡಿಯುವ ಬಾಯಿಯೂ ನಡೆ ಹಿಡಿಯುವ ಕೈಯೂ ಒಬ್ಬರವೇ. ಸವಾಲು ಎಸೆದವರು ಕೊನೆಯ ಸಾಲಿನಲ್ಲಿ ನಡೆಯನ್ನು ತುಸು ಏರಿಸಿ ಬಿಟ್ಟರೆನ್ನಿ, ಜವಾಬು ಕೊಡುವವರಿಗೆ ಉಳಿಯುವುದು ಎರಡೇ ದಾರಿ. ಅದೇ ವೇಗದಲ್ಲಿ ಎತ್ತಿಕೊಂಡರೆ ಎದುರಾಳಿಯ ನಡೆಗೆ ಒಪ್ಪಿದ ಹಾಗಾಯಿತು. ಇಳಿಸಿ ಎತ್ತಿಕೊಂಡರೆ, ಬಿಸಿಯೇರಿದ ಮಂದಿಯನ್ನೆಲ್ಲ ತಮ್ಮ ನಡೆಗೆ ಎಳೆದುಕೊಳ್ಳಬೇಕು, ಅದೂ ಎರಡು ಸಾಲಿನೊಳಗೆ. ಇದನ್ನು ಮಾಡಬಲ್ಲ ಮೇಳ ಪುರಾಣದ ಒಗಟಿಗೆ ಉತ್ತರ ಹೇಳುವ ಮೊದಲೇ ಅರ್ಧ ಗೆದ್ದಿರುತ್ತದೆ. ಹಿಮ್ಮೇಳ ‘ಗೀಯ ಗೀಯ’ ಎಂದು ಸೊಲ್ಲೆತ್ತುವ ಜಾಗದಲ್ಲಿ ಕಿವಿಯಿಡಿ. ಮುಂದಾಳುವಿನ ಪೆಟ್ಟಿಗೂ ಆ ಸೊಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿತ್ತೋ, ಬಿರುಕು ಎದುರಿನವರ ಜೊತೆಗಲ್ಲ, ಮೇಳದ ಒಳಗೇ ಇದೆ ಎಂದು ತಿಳಿಯಿರಿ. ಸಿಳ್ಳೆ ಹೊಡೆಯುವವರಿಗೆ ಇದು ಕೇಳಿಸುವ ಮಾತೇ ಇಲ್ಲ.

ದೂರದ ಲಂಡನ್ನಿನಲ್ಲಿ ಹುಟ್ಟಿದ ‘ದಿ ಪೊಲೀಸ್’ ಎಂಬ ಮೂವರ ರಾಕ್ ತಂಡಕ್ಕೂ ಇದೇ ಅಳತೆ ಸಲ್ಲುತ್ತದೆ. ಎಂಬತ್ತರ ದಶಕದಲ್ಲಿ ಚದುರಿದ ಈ ತಂಡ 2007ರಲ್ಲಿ ಮತ್ತೆ ಕೂಡಿ, ಮರುವರ್ಷದವರೆಗೆ ಲೋಕ ಸುತ್ತಿತು. ಹಾಡುತ್ತ ಬೇಸ್ ಗಿಟಾರ್ ನುಡಿಸುವ ಸ್ಟಿಂಗ್‌ಗೂ ಡ್ರಮ್ಮಿನ ಸ್ಟೂವರ್ಟ್ ಕೋಪ್‌ಲ್ಯಾಂಡ್‌ಗೂ ಇದ್ದ ಹಳೆಯ ತಂಟೆಗಳಲ್ಲಿ ವೇಗದ್ದೂ ಒಂದು. ಸ್ಟಿಂಗ್ ಸ್ವರಗಳ ನಡುವೆ ಜಾಗ ಬಿಡುವವರು, ಕೋಪ್‌ಲ್ಯಾಂಡ್ ಆ ಜಾಗಕ್ಕೆ ನುಗ್ಗುವವರು. ವ್ಯಾಂಕೂವರಿನಲ್ಲಿ ಪ್ರವಾಸ ಶುರುವಾದ ಕೆಲವೇ ದಿನಗಳಲ್ಲಿ ಕೋಪ್‌ಲ್ಯಾಂಡ್ ತಮ್ಮದೇ ಕಛೇರಿ ಎಲ್ಲೆಲ್ಲಿ ತಾಳ ತಪ್ಪಿತು ಎಂದು ಬಹಿರಂಗವಾಗಿ ಬರೆದುಬಿಟ್ಟರು. ಆದರೂ ತಂಡದ ಹಾಡುಗಳಿಗೆ ಬಿಗಿ ಬಂದದ್ದು ಅದೇ ಎಳೆದಾಟದಿಂದ. ಇಬ್ಬರೂ ಒಪ್ಪಿ ನುಡಿಸಿದ್ದರೆ ಅವು ಸಪ್ಪೆಯಾಗುತ್ತಿದ್ದವು.

‘ನಮ್ಮ ಮೇಳಗಳ ಜಗಳ ಬರೀ ಸೋಗು, ಕಟ್ಟೆ ಇಳಿದರೆ ಒಟ್ಟಿಗೇ ಉಣ್ಣುತ್ತಾರೆ’ ಎನ್ನುವವರಿದ್ದಾರೆ. ಉಣ್ಣಲಿ. ವಿಷಯ ಮೊದಲೇ ಗೊತ್ತಿರಬಹುದು, ಪದ ಬಾಯಿಪಾಠವಿರಬಹುದು; ಎದುರಿನವರು ಯಾವ ನಡೆಯಲ್ಲಿ ಬಿಟ್ಟುಕೊಡುತ್ತಾರೆ ಎಂಬುದು ಬಾಯಿಪಾಠಕ್ಕೆ ಸಿಗುವುದಿಲ್ಲ. ಇನ್ನು ಕೆಲವರದು, ದಪ್ಪಿನ ಹುಚ್ಚಿನಲ್ಲಿ ಸಾಹಿತ್ಯ ಮೂಲೆಗುಂಪಾಗುತ್ತದೆ ಎಂಬ ಆಕ್ಷೇಪ. ಇದರಲ್ಲಿ ತೂಕವಿದೆ. ಹಲಸಂಗಿ ಖಾಜಾಭಾಯಿಯಂಥವರ ಲಾವಣಿ ಪುಸ್ತಕದಲ್ಲೂ ಸೊಗಸಾಗಿಯೇ ಇರುತ್ತದೆ. ಆದರೆ ಕಟ್ಟೆಯ ಮೇಲೆ ಕಟಕಿ ನಾಟುವುದು ಅದರ ಕೊನೆಯ ಪದ ಪೆಟ್ಟಿನ ಮೇಲೆ ಬಿತ್ತೋ, ಪೆಟ್ಟು ದಾಟಿ ಬಿತ್ತೋ ಎಂಬುದರಿಂದ. ಅಚ್ಚಿನಲ್ಲಿ ಅದು ಕಾಣದು.

ಉಳಿದದ್ದು ಚಿಲ್ಲರೆ. ತುಂತುಣಿ ಶ್ರುತಿಗಿದ್ದರೆ ಸಾಕು. ಡಿಜೆ ಡಬ್ಬಿಗಳಿಂದ ದೂರ, ಎರಡೂ ಮೇಳಗಳ ನಡುವೆ ಕೂಡಿರಿ. ಮೊದಲ ಸ್ತುತಿಪದ ತಪ್ಪಿಸಬೇಡಿ. ಮೇಳದ ಸಹಜ ನಡೆ ಗೊತ್ತಾಗುವುದು ಅಲ್ಲೇ. ಇಬ್ಬನಿಗೆ ಸಡಿಲಾದ ದಪ್ಪನ್ನು ಬೆಂಕಿಗೆ ಹಿಡಿಯಲು ಮೇಳದವರು ಎದ್ದಾಗ ನೀವೂ ಚಹಾಕ್ಕೆ ಏಳಬೇಡಿ: ಚರ್ಮ ಬಿಗಿಯಾದ ಮೇಲಿನ ಮೊದಲ ಸವಾಲಿಗೆ ಜವಾಬು ಕೊಡುವುದು ಎಲ್ಲಕ್ಕಿಂತ ಕಷ್ಟ.